ಸಾಧನ ಚಾಲಕಗಳಲ್ಲಿ ಸ್ಮೃತಿಯ ಆಯುಸ್ಸು: ಲಿನಕ್ಸ್ ವ್ಯವಸ್ಥೆಯ ಸಂದರ್ಭ

ಗಣಕದ ಕಾರ್ಯಾಚರಣ ವ್ಯವಸ್ಥೆಯು ಕ್ಯಾಮೆರಾ, ಧ್ವನಿಮುದ್ರಕ ಮೊದಲಾದ ಉಪಕರಣಗಳೊಡನೆ ವ್ಯವಹರಿಸುವುದು ಡ್ರೈವರ್ ಅಥವಾ ಸಾಧನ ಚಾಲಕವೆಂಬ ತಂತ್ರಾಂಶದ ಮೂಲಕ. ಲಿನಕ್ಸ್‌ನಲ್ಲಿ ಇವು ಬಹುಪಾಲು ವ್ಯವಸ್ಥೆಯ ತಿರುಳಾದ ಕರ್ನೆಲ್‌ನೊಳಗೇ, ಅದರ ಪೂರ್ಣಾಧಿಕಾರದೊಡನೆ ಕೆಲಸ ಮಾಡುತ್ತವೆ. ಆದ್ದರಿಂದ ಚಾಲಕವೊಂದರ ಲೋಪವು ಇಡೀ ಯಂತ್ರದ ಭದ್ರತೆಯ ಪ್ರಶ್ನೆಯಾಗುತ್ತದೆ. ಅಂಥ ಲೋಪಗಳ ಪೈಕಿ ಸ್ಮೃತಿಯ ಆಯುಸ್ಸಿಗೆ ಸಂಬಂಧಿಸಿದವನ್ನು ಇಲ್ಲಿ ಪರಿಶೀಲಿಸಲಾಗಿದೆ. (ಸ್ಮೃತಿಯೆಂದರೆ ಇಲ್ಲಿ ಯಂತ್ರದ ಮೆಮೊರಿ, ಜಾನಪದ ವಿದ್ವಾಂಸರು ಹೇಳುವ ಸಮುದಾಯದ ಸ್ಮೃತಿಯಲ್ಲ.)

ಯುಎಸ್‌ಬಿ ಕ್ಯಾಮೆರಾದ ನಿದರ್ಶನವನ್ನು ತೆಗೆದುಕೊಳ್ಳಬಹುದು. ಪ್ರದರ್ಶನವೊಂದರ ದಾಖಲೀಕರಣ ನಡೆದಿರುವಾಗ ಯಾರೋ ತಂತಿಯನ್ನು ಎಡವಿ ಕಿತ್ತರೆಂದುಕೊಳ್ಳೋಣ. ಉಪಕರಣ ಹೊರಟುಹೋಯಿತು, ಆದರೆ ದಾಖಲಿಸುತ್ತಿದ್ದ ತಂತ್ರಾಂಶವು ಸಾಧನದ ಕಡತವನ್ನು ಇನ್ನೂ ತೆರೆದುಕೊಂಡೇ ಇದೆ. ಚಾಲಕವು ಆ ಕ್ಷಣವೇ ತನ್ನ ದತ್ತಾಂಶದ ಸ್ಮೃತಿಯನ್ನು ಮುಕ್ತಗೊಳಿಸಿದರೆ, ಅದೇ ಜಾಗ ಬೇರೊಂದು ಕಾರ್ಯಕ್ಕೆ ಹಂಚಿಕೆಯಾಗಬಹುದು. ಹಳೆಯ ವಿಳಾಸದ ಮೂಲಕ ಅಲ್ಲಿಗೆ ಬರೆಯುವ ಮುಂದಿನ ಕ್ರಿಯೆ ಇನ್ನೊಬ್ಬರ ದತ್ತಾಂಶವನ್ನು ಕೆಡಿಸುತ್ತದೆ. ಆ ಜಾಗವನ್ನು ಉದ್ದೇಶಪೂರ್ವಕವಾಗಿ ತುಂಬಬಲ್ಲ ದುರುದ್ದೇಶಿಗೆ ಕರ್ನೆಲ್‌ನ ಅಧಿಕಾರವೇ ದಕ್ಕಬಹುದು.

ಉಪಕರಣದ ಆಯುಸ್ಸು ಮತ್ತು ದತ್ತಾಂಶದ ಆಯುಸ್ಸು ಬೇರೆಬೇರೆ ಎಂಬುದನ್ನು ಮರೆತದ್ದೇ ಇಲ್ಲಿನ ಮೂಲದೋಷ. ೨೦೦೭ರಲ್ಲಿ ಲಿನಕ್ಸ್‌ಗೆ ಸೇರಿದ ಡೆವ್‌ರೆಸ್ ಸೌಲಭ್ಯವು ಚಾಲಕ ಉಪಕರಣದಿಂದ ಬೇರ್ಪಟ್ಟೊಡನೆ ಅದರ ಸಂಪನ್ಮೂಲಗಳನ್ನು ತಾನಾಗಿಯೇ ಹಿಂದಿರುಗಿಸುತ್ತದೆ. ಸೋರಿಕೆಯನ್ನು ತಡೆಯುವಲ್ಲಿ ಇದರ ಉಪಕಾರ ದೊಡ್ಡದು. ಆದರೆ ತೆರೆದ ಕಡತದ ಮೂಲಕ ತಲುಪಬಹುದಾದ ದತ್ತಾಂಶವನ್ನೂ ಇದಕ್ಕೇ ಒಪ್ಪಿಸಿದರೆ ಮೇಲೆ ಹೇಳಿದ ಅನಾಹುತ ತಪ್ಪದು. ‘ಉಪಕರಣ ಹೋಗಿದೆ’ ಎಂಬ ಗುರುತನ್ನು ಇಟ್ಟು ಪರೀಕ್ಷಿಸುವುದು ಕೆಲವರ ಪರಿಹಾರ. ಗುರುತು ಇರುವುದು ಮುಕ್ತಗೊಂಡ ಸ್ಮೃತಿಯಲ್ಲೇ ಆದರೆ ಅದನ್ನು ಓದುವುದೂ ಅದೇ ತಪ್ಪು!

ಸರಿಯಾದ ಕ್ರಮಕ್ಕೆ ಎಣಿಕೆಯೇ ಆಧಾರ. ೨೦೦೪ರಲ್ಲಿ ಬಂದ ಕೆರೆಫ್ ಎಂಬ ರಚನೆಯು ದತ್ತಾಂಶವನ್ನು ಎಷ್ಟು ಮಂದಿ ಹಿಡಿದಿದ್ದಾರೆಂಬ ಲೆಕ್ಕವಿಡುತ್ತದೆ. ಉಪಕರಣ ಕಳಚಿದಾಗ ಚಾಲಕವು ಬೀಗದ ರಕ್ಷಣೆಯಲ್ಲಿ ಗುರುತು ಹಾಕಿ, ಹೊಸ ಕ್ರಿಯೆಗಳನ್ನು ತಡೆದು, ಬಾಕಿಯಿರುವ ಟೈಮರುಗಳನ್ನೂ ಮುಂದೂಡಿದ ಕೆಲಸಗಳನ್ನೂ ರದ್ದುಪಡಿಸಿ, ಅವು ಮುಗಿಯುವವರೆಗೆ ಕಾದು, ಅನಂತರ ತನ್ನ ಪಾಲಿನ ಹಿಡಿತವನ್ನಷ್ಟೇ ಬಿಡಬೇಕು. ಸ್ಮೃತಿ ಮುಕ್ತವಾಗುವುದು ಕೊನೆಯ ಬಳಕೆದಾರ ಕಡತವನ್ನು ಮುಚ್ಚಿದಾಗ. ಈ ಅನುಕ್ರಮವನ್ನು ವ್ಯತ್ಯಾಸಗೊಳಿಸುವಂತಿಲ್ಲ. ೨೦೧೭ರಲ್ಲಿ ಬಂದ ರೆಫ್‌ಕೌಂಟ್-ಟಿ ಎಂಬ ಬಗೆಯು ಎಣಿಕೆ ಮಿತಿಮೀರಿದಾಗ ಶೂನ್ಯಕ್ಕೆ ಸುತ್ತಿಬರದಂತೆ ತಡೆಯುತ್ತದೆ.

ದೋಷಪತ್ತೆಗೆ ೨೦೧೫ರಿಂದ ಕೆಸಾನ್ ಎಂಬ ಸಾಧನವಿದೆ. ಸ್ಮೃತಿ ಎಲ್ಲಿ ಹಂಚಿಕೆಯಾಯಿತು, ಎಲ್ಲಿ ಮುಕ್ತವಾಯಿತು, ಎಲ್ಲಿ ಅಕ್ರಮವಾಗಿ ಬಳಕೆಯಾಯಿತು ಎಂಬ ಮೂರು ಜಾಡುಗಳನ್ನೂ ಅದು ನೀಡಬಲ್ಲದು. ಪಾಠಾಂತರಗಳನ್ನು ಹೋಲಿಸಿ ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ದೋಷವಿರುವ ದಾರಿಯಲ್ಲಿ ತಂತ್ರಾಂಶ ನಿಜವಾಗಿ ನಡೆದಾಗ ಮಾತ್ರ ಕೆಸಾನ್ ನುಡಿಯುತ್ತದೆ. ಆದಕಾರಣ ಪರೀಕ್ಷಕನು ಕಡತ ತೆರೆದಿರುವಾಗಲೇ, ದತ್ತಾಂಶ ಹರಿಯುತ್ತಿರುವಾಗಲೇ, ತಂತಿಯನ್ನು ಮತ್ತೆಮತ್ತೆ ಕಿತ್ತು ನೋಡಬೇಕಾಗುತ್ತದೆ.