ಮೇಜಿನ ಮೇಲೊಂದು ಡೀಸೆಲ್ ಎಂಜಿನ್: ಕೊಳ್ಳುವ ಮೊದಲು

ಬ್ಯಾಡರಹಳ್ಳಿಯ ಮೂಲಕ ರೈಲು ಹಾದುಹೋಗುವುದಿಲ್ಲ. ಮಾಗಡಿ ರಸ್ತೆಯ ಈ ಬಡಾವಣೆಗಳ ಮಕ್ಕಳು ರೈಲು ನೋಡಬೇಕೆಂದರೆ ದಕ್ಷಿಣಕ್ಕೆ ಕೆಂಗೇರಿಗೋ ಉತ್ತರಕ್ಕೆ ಚಿಕ್ಕಬಾಣಾವರಕ್ಕೋ ಹೋಗಬೇಕು. ಹೋದರೂ ಇಂದು ಹೆಚ್ಚಾಗಿ ಕಣ್ಣಿಗೆ ಬೀಳುವುದು ವಿದ್ಯುತ್ ಎಂಜಿನ್ನುಗಳು. ನಿಮ್ಮ ತಂದೆತಾಯಿಯರು ದೂರದಿಂದಲೇ ಸದ್ದು ಕೇಳಿ ಗುರುತಿಸುತ್ತಿದ್ದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಈಗ ಅಪರೂಪ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದದ್ದು ಅದು. 1964ರಿಂದ ವಾರಾಣಸಿಯಲ್ಲಿಯೇ ತಯಾರಾಗತೊಡಗಿತು. 2600 ಅಶ್ವಶಕ್ತಿಯ ಈ ಎಂಜಿನ್ನುಗಳು ಎರಡೂವರೆ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ದೇಶದ ಹಳಿಗಳ ಮೇಲೆ ಓಡಿದವು. ಹಳಿಯಿಂದ ಮರೆಯಾಗುತ್ತಿರುವ ಇಂಥದ್ದೊಂದನ್ನು ಮನೆಯ ಮೇಜಿನ ಮೇಲಾದರೂ ಓಡಿಸಬೇಕೆಂದು ನಿಮಗೆ ಅನ್ನಿಸಿದರೆ ಅದು ಸಹಜವೇ.

ಆದರೆ ಮಾದರಿ ರೈಲು ದುಬಾರಿ ಹವ್ಯಾಸ. ಟ್ಯೂಷನ್ ಹೇಳಿಯೋ ಹಬ್ಬದ ಕಾಣಿಕೆ ಕೂಡಿಸಿಯೋ ಜೋಡಿಸಿದ ಹಣ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಅದರಲ್ಲಿ ಬರುವುದು ಒಂದೇ ಎಂಜಿನ್. ಅದು ಎರಡಡಿ ಓಡಿ ನಿಂತು, ಬೆರಳಿನಿಂದ ತಳ್ಳಿದರೆ ಮಾತ್ರ ಮುಂದೆ ಹೋಗುವಂಥದ್ದಾದರೆ ಎರಡು ವಾರದಲ್ಲಿ ಅಟ್ಟ ಸೇರುತ್ತದೆ. ಅದರೊಡನೆ ನಿಮ್ಮ ಉತ್ಸಾಹವೂ ಸೇರುತ್ತದೆ. ಆದ್ದರಿಂದ ಬಣ್ಣ, ಅಕ್ಷರ, ಕಿಟಕಿ, ಕೈಪಿಡಿಗಳ ಚೆಂದವನ್ನು ಆಮೇಲೆ ನೋಡಿ. ಒಳಗಿನ ಯಂತ್ರವನ್ನು ಮೊದಲು ನೋಡಿ.

ಯಂತ್ರ ಹೇಗಿರುತ್ತದೆ? ನಿಜವಾದ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಉರಿದು ಜನರೇಟರ್ ತಿರುಗುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಅಚ್ಚುಗಳ ಪಕ್ಕದಲ್ಲಿರುವ ಮೋಟಾರುಗಳಿಗೆ ಹೋಗುತ್ತದೆ. ಮಾದರಿಯಲ್ಲಿ ಇದು ತಿರುವುಮುರುವು. ವಿದ್ಯುತ್ತು ಹೊರಗಿನಿಂದ ಹಳಿಯ ಮೂಲಕವೇ ಬರುತ್ತದೆ, ಒಂದು ಹಳಿ ಧನ, ಇನ್ನೊಂದು ಋಣ. ಸಾಮಾನ್ಯವಾಗಿ 12 ವೋಲ್ಟ್ ನೇರ ವಿದ್ಯುತ್ತು. ನಡುವೆ ಒಂದೇ ಮೋಟಾರು. ಅದರ ಎರಡೂ ತುದಿಗಳಿಂದ ಹೊರಟ ದಂಡಗಳು ಹಿಂದಿನ ಮತ್ತು ಮುಂದಿನ ಬೋಗಿಗಳ ಗೇರುಗಳನ್ನು ತಿರುಗಿಸುತ್ತವೆ. ನಾವು ಆಡುಮಾತಿನಲ್ಲಿ ರೈಲಿನ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ರೈಲ್ವೆಯವರ ಭಾಷೆಯಲ್ಲಿ ಬೋಗಿ ಎಂದರೆ ಗಾಡಿಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು. ಇಲ್ಲಿ ಆ ಅರ್ಥದಲ್ಲಿಯೇ ಬಳಸಿದೆ.

ಈಗ ಮುಖ್ಯ ಪ್ರಶ್ನೆ. ಎಷ್ಟು ಚಕ್ರಗಳು ಹಳಿಯಿಂದ ವಿದ್ಯುತ್ತನ್ನು ಎತ್ತಿಕೊಳ್ಳುತ್ತವೆ? ಅಗ್ಗದ ಎಂಜಿನ್ನುಗಳಲ್ಲಿ ಒಂದು ಬೋಗಿಯ ಚಕ್ರಗಳು ಒಂದು ಹಳಿಯಿಂದ, ಇನ್ನೊಂದು ಬೋಗಿಯವು ಇನ್ನೊಂದು ಹಳಿಯಿಂದ ಮಾತ್ರ ಎತ್ತಿಕೊಳ್ಳುತ್ತವೆ. ಎಲ್ಲೋ ಒಂದು ಕಣ ದೂಳು, ಹಳಿ ಕವಲೊಡೆಯುವ ಕಡೆ ಪ್ಲಾಸ್ಟಿಕ್ಕಿನ ಒಂದು ತುಂಡು ಸಿಕ್ಕಿತೋ, ಎಂಜಿನ್ ನಿಂತಿತು. ಎಂಟು ಚಕ್ರದ ಎಂಜಿನ್ನಿನಲ್ಲಿ ಎಂಟೂ ಎತ್ತಿಕೊಳ್ಳುವಂತಿದ್ದರೆ ಒಂದು ಹಳಿಯ ಕಡೆ ನಾಲ್ಕು ಸಂಪರ್ಕಗಳಿರುತ್ತವೆ. ಅವು ನಾಲ್ಕೂ ಒಟ್ಟಿಗೇ ತಪ್ಪುವುದು ಅಪರೂಪ. ಕೊಳ್ಳುವಾಗ ಈ ಒಂದನ್ನು ಕೇಳದೆ ಹಣ ಕೊಡಬೇಡಿ.

ಎರಡನೆಯದು, ಎಲ್ಲ ಚಕ್ರಗಳೂ ಎಳೆಯುತ್ತವೆಯೇ ಎಂಬುದು. ಹಳೆಯ ಅಗ್ಗದ ಎಂಜಿನ್ನುಗಳಲ್ಲಿ ಒಂದು ಬೋಗಿಯೊಳಗೇ ಚಪ್ಪಟೆ ಮೋಟಾರು ಕೂರಿಸಿ ಅದನ್ನಷ್ಟೇ ತಿರುಗಿಸುತ್ತಿದ್ದರು. ಹಿಡಿತ ಸಾಲದೆಂದು ಚಕ್ರಕ್ಕೆ ರಬ್ಬರ್ ಬಳೆ ತೊಡಿಸುತ್ತಿದ್ದರು. ರಬ್ಬರ್ ತೊಟ್ಟ ಚಕ್ರ ಎಳೆಯುತ್ತದೆ, ನಿಜ. ಆದರೆ ವಿದ್ಯುತ್ತು ಹಾಯಿಸುವುದಿಲ್ಲ. ಇದಕ್ಕಿಂತ ಲೋಹದ ತೂಕ ತುಂಬಿದ ಎಂಜಿನ್ ಮೇಲು. ಮೋಟಾರಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಹಿತ್ತಾಳೆ ಬಿಲ್ಲೆ ಇದ್ದರಂತೂ ಇನ್ನೂ ಒಳ್ಳೆಯದು. ಸ್ವಿಚ್ ಆರಿಸಿದ ಮೇಲೂ ಗ್ರೈಂಡರಿನ ಕಲ್ಲು ಒಂದೆರಡು ಸುತ್ತು ತಿರುಗುವುದನ್ನು ನೀವು ಅಡಿಗೆಮನೆಯಲ್ಲಿ ಕಂಡಿದ್ದೀರಿ. ಫ್ಲೈವೀಲ್ ಕೂಡ ಹಾಗೆಯೇ, ಕ್ಷಣಕಾಲ ವಿದ್ಯುತ್ತು ತಪ್ಪಿದರೂ ಎಂಜಿನ್ನನ್ನು ಆಚೆ ದಾಟಿಸುತ್ತದೆ.

ಇವೆಲ್ಲ ಸರಿಯಿದೆಯೇ ಎಂದು ತಿಳಿಯಲು ಎಂಜಿನ್ನನ್ನು ಬಿಚ್ಚಬೇಕಾಗಿಲ್ಲ. ನಿಧಾನವಾಗಿ ಓಡಿಸಿ ನೋಡಿದರೆ ಸಾಕು. ಕಿರುತೆರೆಯ ಮಾತುಕತೆಯಲ್ಲಿ ಲೆಕ್ಕ ಬಿಡಿಸಿ ತೋರಿಸಲು ಸಮಯ ಸಾಲುವುದಿಲ್ಲ, ಇಲ್ಲಿ ಕಾಗದವಿದೆ. ಎಚ್‌ಓ ಎಂಬ ಅಳತೆಯಲ್ಲಿ ಮಾದರಿಯು ನಿಜದ 87ನೇ ಒಂದು ಭಾಗ. ಯಾರ್ಡಿನಲ್ಲಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಸಾಗುವ ನಿಜ ಎಂಜಿನ್ ಸೆಕೆಂಡಿಗೆ ಸುಮಾರು 1.39 ಮೀಟರ್ ಹೋಗುತ್ತದೆ. 87ರಿಂದ ಭಾಗಿಸಿದರೆ 16 ಮಿಲಿಮೀಟರ್. ಅಂದರೆ ಮಾದರಿ ಎಂಜಿನ್ ಒಂದು ಮೀಟರ್ ಹಳಿಯನ್ನು ದಾಟಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಳ್ಳಬೇಕು. ಕೈಗಡಿಯಾರ ಹಿಡಿದು ನೋಡಿ. ಜರ್ಕು ಹೊಡೆಯದೆ ಹೀಗೆ ತೆವಳುವ ಎಂಜಿನ್ನನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಜೋರಾಗಿ ಓಡಿಸಿ ತೋರಿಸುವ ಮಾರಾಟಗಾರನನ್ನು ಮಾತ್ರ ನಂಬಬೇಡಿ. ಜೋರಾಗಿ ಯಾವ ಎಂಜಿನ್ನಾದರೂ ಓಡುತ್ತದೆ.

ಎಂಜಿನ್ನನ್ನು ಮೇಜಿನ ಮೇಲೆ ಕೈಯಿಂದ ತಳ್ಳಿ ಪರೀಕ್ಷಿಸಬೇಡಿ. ಒಳಗಿರುವುದು ತಿರುಪಿನಾಕಾರದ ವರ್ಮ್ ಗೇರು. ಮೋಟಾರು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟಾರನ್ನು ತಿರುಗಿಸಲಾರದು. ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ.

ಇನ್ನು ಅಳತೆಯ ವಿಚಾರ. ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್. ಅಮೆರಿಕ, ಯೂರೋಪುಗಳ 1435 ಮಿಲಿಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಬರುವುದು ಇದೇ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದಕ್ಕೆ 19.3 ಬೇಕಾಗುತ್ತದೆ. ಹೀಗಾಗಿ ಎಚ್‌ಓ ಹಳಿಯ ಮೇಲೆ ನಿಂತ ಡಬ್ಲ್ಯುಡಿಎಂ-2 ಮಾದರಿಯ ಕಾಲು ಸ್ವಲ್ಪ ಕಿರಿದಾಗಿಯೇ ಇರುತ್ತದೆ. ನಿಷ್ಠುರವಾಗಿ ಸರಿಯಿರಬೇಕೆನ್ನುವವರು ಇಡೀ ಎಂಜಿನ್ನನ್ನೇ ನೂರನೇ ಒಂದು ಅಳತೆಯಲ್ಲಿ ಕಟ್ಟಬಹುದು. ಆಗ ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಇದು ಕೈ ಪಳಗಿದ ಮೇಲಿನ ಮಾತು. ಎನ್ ಎಂಬ ಇನ್ನೂ ಚಿಕ್ಕ ಅಳತೆಯಲ್ಲಿ ಮಾದರಿಯು 160ನೇ ಒಂದು ಭಾಗ, ಹಳಿ 9 ಮಿಲಿಮೀಟರ್. ಜಾಗ ಉಳಿಯುತ್ತದೆ, ಆದರೆ ದೂಳಿಗೆ ಬೇಗ ಸೋಲುತ್ತದೆ. ಬಿಚ್ಚಿ ಕೂಡಿಸಲು ಸೂಕ್ಷ್ಮವಾದ ಕೈ ಬೇಕು.

ಇಪ್ಪತ್ತು ಮೂವತ್ತರ ನಿವೇಶನದ ಮನೆಯಲ್ಲಿ ಎಚ್‌ಓ ಇಡುವುದೆಲ್ಲಿ ಎಂದು ಕೇಳುವಿರಿ. ಸಾಮಾನ್ಯ ಸೆಟ್ಟುಗಳ ತಿರುವಿನ ತ್ರಿಜ್ಯ 18 ಅಂಗುಲ. ಸುತ್ತು ಹಾಕಿಸಬೇಕಾದರೆ ನಾಲ್ಕಡಿ ಅಗಲದ ಪ್ಲೈವುಡ್ ಹಾಳೆ ಬೇಕು. ಆದರೆ ರೈಲು ಸುತ್ತುತ್ತಲೇ ಇರಬೇಕೆಂದು ನಿಯಮವೇನಿಲ್ಲ. ಗೋಡೆಯ ಪಕ್ಕ ಆರಡಿ ಉದ್ದ, ಒಂದಡಿ ಅಗಲದ ಹಲಗೆಯ ಮೇಲೆ ಎರಡು ಕವಲು, ನಾಲ್ಕು ವ್ಯಾಗನ್ ಇಟ್ಟು ಷಂಟಿಂಗ್ ಯಾರ್ಡ್ ಮಾಡಬಹುದು. ವ್ಯಾಗನ್ನುಗಳನ್ನು ಕ್ರಮವಾಗಿ ಜೋಡಿಸುವುದು ಒಳ್ಳೆಯ ಲೆಕ್ಕದ ಆಟ. ಇಲ್ಲಿ ಬೇಕಾಗುವುದೂ ತೆವಳುವ ಎಂಜಿನ್ನೇ.

ಡಬ್ಲ್ಯುಡಿಎಂ-2 ಆರು ಅಚ್ಚಿನದು. ಆರು ಅಚ್ಚಿನ ಮಾದರಿಗಳು ಬಿಗಿ ತಿರುವಿನಲ್ಲಿ ಹಳಿ ತಪ್ಪುವುದು ಹೆಚ್ಚು. ಆದ್ದರಿಂದ ಮೊದಲನೆಯದು ನಾಲ್ಕು ಅಚ್ಚಿನದಿರಲಿ ಎಂಬುದು ನನ್ನ ಅಭಿಪ್ರಾಯ. ಮನಸ್ಸು ಆಲ್ಕೋದಲ್ಲೇ ಇದ್ದರೆ ಅದಕ್ಕೂ ದಾರಿಯಿದೆ. ಆಲ್ಕೋ ಕಂಪನಿಯ ಆರ್‌ಎಸ್-3 ನಾಲ್ಕು ಅಚ್ಚಿನದು, ನಮ್ಮ ಎಂಜಿನ್ನಿನ ದಾಯಾದಿ. ಉದ್ದನೆಯ ಮೂತಿಯಲ್ಲಿ ಆ ಕುಲದ ಹೋಲಿಕೆಯಿದೆ. ಅಟ್ಲಾಸ್, ಬ್ಯಾಕ್‌ಮನ್ ಕಂಪನಿಗಳು ಎಚ್‌ಓದಲ್ಲಿ ಇದರ ಮಾದರಿಗಳನ್ನು ಮಾಡಿವೆ.

ಡಿಜಿಟಲ್ ಬೇಕೇ? ಎಂಜಿನ್ನಿನೊಳಗೆ ಚಿಪ್ ಇಟ್ಟು, ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ನಡೆಸುವ ವಿಧಾನ ಅದು. ಹಾರನ್ನು, ಗುಡುಗುಡು ಸದ್ದು ಎಲ್ಲ ಬರುತ್ತದೆ. ಬೆಲೆಯೂ ಬಹಳ ಏರುತ್ತದೆ. ಒಂದೇ ಎಂಜಿನ್ ಇರುವವರಿಗೆ ಇದು ಸದ್ಯಕ್ಕೆ ಬೇಡ. ಆದರೆ ಮುಂದೆ ಚಿಪ್ ಸಿಕ್ಕಿಸಲು ಒಳಗೆ ಸಾಕೆಟ್ ಇರುವ ಸಾದಾ ಎಂಜಿನ್ನನ್ನು ಆರಿಸಿಕೊಳ್ಳಿ.

ಒಳ್ಳೆಯ ಮಾದರಿಗಳು ಬಹುಪಾಲು ಹೊರದೇಶದವು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ದರ ಆಗಾಗ ಬದಲಾಗುತ್ತದೆ, ಆದ್ದರಿಂದ ತರಿಸುವ ದಿನದ ಸುಂಕ, ಅಂಚೆವೆಚ್ಚ ಎರಡನ್ನೂ ಕೂಡಿಸಿಯೇ ಬೆಲೆ ಲೆಕ್ಕ ಹಾಕಿ. ಇದೇ ಕಾರಣಕ್ಕೆ ಇಲ್ಲಿನ ಹವ್ಯಾಸಿಗಳ ಕೈಯಿಂದ ಹಳೆಯದನ್ನು ಕೊಳ್ಳುವುದು ಜಾಣತನ. ಓಡಿಸಿ ನೋಡಿ ಕೊಳ್ಳಬಹುದು. ಓಡುವಾಗ ಕುಂಟುತ್ತ ಟಕ್ ಟಕ್ ಎಂದರೆ ಅಚ್ಚಿನ ಪ್ಲಾಸ್ಟಿಕ್ ಗೇರು ಸೀಳಿರಬಹುದು. ಲೈಫ್‌ಲೈಕ್ ಕಂಪನಿಯ ಹಳೆಯ ಪ್ರೋಟೋ 2000 ಎಂಜಿನ್ನುಗಳಲ್ಲಿ ಇದು ಹೆಸರಾದ ದೋಷ. ಬದಲಿ ಗೇರು ಸಿಗುತ್ತದಾದರೆ ಹೆದರಬೇಕಾಗಿಲ್ಲ, ಬೆಲೆ ಇಳಿಸಲು ಕೇಳಿ. ಮಲ್ಟಿಮೀಟರ್ ಇದ್ದರೆ ಸರಣಿಯಲ್ಲಿ ಜೋಡಿಸಿ ವಿದ್ಯುತ್ತನ್ನು ಅಳೆಯಿರಿ. ಒಳ್ಳೆಯ ಹೊಸ ಬಗೆಯ ಎಚ್‌ಓ ಮೋಟಾರು ಬರಿಯ ಓಟದಲ್ಲಿ ಅರ್ಧ ಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ. ಹೊಸದು ಹೆಚ್ಚು ಎಳೆಯುತ್ತಿದ್ದರೆ ಎಲ್ಲೋ ಬಿಗಿಯಾಗಿದೆ. ಮೂವರು ಗೆಳೆಯರು ಸೇರಿ ಒಬ್ಬರು ಎಂಜಿನ್, ಒಬ್ಬರು ಹಳಿ, ಒಬ್ಬರು ವ್ಯಾಗನ್ ಕೊಂಡರೆ ಭಾರ ಹಗುರವಾಗುತ್ತದೆ. 12 ವೋಲ್ಟಿನ ಅಡಾಪ್ಟರ್, ವೇಗ ಬದಲಿಸುವ ಚಿಕ್ಕ ಸರ್ಕ್ಯೂಟ್ ಎಸ್.ಪಿ. ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮನೆಯ 230 ವೋಲ್ಟಿನ ತಂತಿಯನ್ನು ಹಳಿಯ ಹತ್ತಿರಕ್ಕೂ ತರಬೇಡಿ.

ಮನೆ ಕಟ್ಟುವ ಕೆಲಸ ನಿಲ್ಲದ ನಮ್ಮ ಬಡಾವಣೆಗಳಲ್ಲಿ ದೂಳು ದೊಡ್ಡ ಶತ್ರು. ಔಷಧಿ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ, ಕಿಟಕಿ ತೆರೆದಿಟ್ಟು, ಹಳಿಯನ್ನೂ ಚಕ್ರಗಳನ್ನೂ ಒರೆಸಿ. ಉಪ್ಪುಕಾಗದ ಮುಟ್ಟಿಸಬೇಡಿ, ಗೀರಿನಲ್ಲಿ ಕೊಳೆ ಇನ್ನಷ್ಟು ಕೂರುತ್ತದೆ. ಹೊಸ ಎಂಜಿನ್ ಮನೆಗೆ ಬಂದ ದಿನ ಡಬ್ಬಿ ಸೇರಿಸದೆ, ಮಧ್ಯಮ ವೇಗದಲ್ಲಿ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿ. ಆಮೇಲೆ ಮತ್ತೊಮ್ಮೆ ಗಡಿಯಾರ ಹಿಡಿದು ಆ ಒಂದು ಮೀಟರಿನ ಹೊತ್ತನ್ನು ಬರೆದಿಟ್ಟುಕೊಳ್ಳಿ.