ಮಚ್ಚೆ ಕಂಡರೆ ಮುಚ್ಚಬೇಡಿ, ಮುಟ್ಟಿ ನೋಡಿ

ಹೋದ ವರ್ಷ ನನ್ನ ಮೊಣಕೈ ಹತ್ತಿರ ಒಂದು ಮಚ್ಚೆ ಎದ್ದಿತು. ಮೆಡಿಕಲ್ ಶಾಪ್‌ನವರು ನೋಡದೇ ಒಂದು ಸ್ಟೀರಾಯ್ಡ್ ಟ್ಯೂಬ್ ಕೊಟ್ಟರು. ತುರಿಕೆ ನಿಂತಿತು, ಮಚ್ಚೆ ಹರಡಿತು. ಕೊನೆಗೆ ಚರ್ಮದ ಡಾಕ್ಟರ್ ಕೇಳಿದ್ದು ನಾಲ್ಕೇ ಪ್ರಶ್ನೆ: ಬಣ್ಣ ಏನು? ಅಂಚು ಹೇಗಿದೆ? ತುರಿಸುತ್ತಾ? ಮುಟ್ಟಿದರೆ ಗೊತ್ತಾಗುತ್ತಾ?

ಅಂಚು ಉಬ್ಬಿ, ಬಳೆಯ ಹಾಗೆ ದುಂಡಗೆ ಹರಡಿ ತುರಿಸಿದರೆ ಬಹುಶಃ ಹುಳುಕಡ್ಡಿ, ನನ್ನದು ಅದೇ. ಕೆರೆದರೆ ತೆಳು ಹೊಟ್ಟು ಏಳುವ ಸಣ್ಣ ಕಲೆಗಳು ಚಿಬ್ಬು. ಹಾಲಿನಷ್ಟು ಬಿಳಿಯಾಗಿ, ಸ್ಪರ್ಶ ಸರಿಯಿದ್ದರೆ ತೊನ್ನು, ಅದು ಅಂಟುವುದಿಲ್ಲ. ಮಾಸಲು ಬಿಳಿ ಅಥವಾ ತಾಮ್ರದ ಬಣ್ಣ, ತುರಿಕೆಯಿಲ್ಲ, ಹತ್ತಿ ತಾಗಿಸಿದರೂ ಗೊತ್ತಾಗಲ್ಲ ಅಂದರೆ ಕುಷ್ಠದ ಅನುಮಾನ.

ರಾಜಕೀಯ ಶುರುವಾಗೋದು ಇಲ್ಲೇ. 2005ರಲ್ಲಿ ಕುಷ್ಠ 'ನಿರ್ಮೂಲನೆ' ಆಯ್ತು ಅಂತ ಸರ್ಕಾರ ಘೋಷಿಸಿತು. ಅದರರ್ಥ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿ ಅಂತಷ್ಟೇ. ಈಗಲೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವರು. ಕುಷ್ಠವಿದ್ದರೆ ವಿಚ್ಛೇದನ ಕೊಡಬಹುದು ಅನ್ನುತ್ತಿದ್ದ ಕಾನೂನನ್ನು ತಿದ್ದಿದ್ದೇ 2019ರಲ್ಲಿ. ಇಂಥ ಕಡೆ ಜನ ಮಚ್ಚೆ ಮುಚ್ಚಿಡದೆ ಇನ್ನೇನು ಮಾಡ್ತಾರೆ? ಆದರೆ ತಡವಾದಷ್ಟೂ ನರ ಹಾಳಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, 6ರಿಂದ 12 ತಿಂಗಳ ಚಿಕಿತ್ಸೆಯಲ್ಲಿ ವಾಸಿ. ನಾಚಿಕೆಪಡಬೇಕಾದದ್ದು ರೋಗಿಯಲ್ಲ, ಅವರನ್ನು ದೂರ ಇಟ್ಟ ನಾವು.