ರನ್: ಒಂದು ಕ್ರಿಯಾಪದದ ದಿಗ್ವಿಜಯ

ಕ್ರಿಕೆಟ್ಟಿನ ಮೂಲಕವೇ ನಮ್ಮಲ್ಲಿ ಬಹುಜನಕ್ಕೆ ಪರಿಚಿತವಾದ 'ರನ್' ಎಂಬ ಮೂರಕ್ಷರದ ಇಂಗ್ಲಿಷ್ ಪದವು, ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣಕಾಲದಲ್ಲಿ ಪೀಟರ್ ಗಿಲಿವರ್ ಎಂಬ ನಿಘಂಟುಕಾರರ ಒಂಬತ್ತು ತಿಂಗಳ ಶ್ರಮವನ್ನು ನುಂಗಿ, ಕೇವಲ ಕ್ರಿಯಾಪದರೂಪದಲ್ಲಿಯೇ 645 ಅರ್ಥಗಳನ್ನು ತಳೆದು, 2011ರ ವೇಳೆಗೆ ಸುದ್ದಿಯಾಯಿತು. 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳುಳ್ಳ ಪದವೆಂಬ ಈ ಹಿರಿಮೆ 'ಸೆಟ್' ಎಂಬ ಪದಕ್ಕಿತ್ತು. ಅದರ ಅರ್ಥಗಳು ಸುಮಾರು 430.

ಕಾಲಿನಿಂದ ಶೀಘ್ರವಾಗಿ ಚಲಿಸುವುದೆಂಬ ಸರಳಾರ್ಥವುಳ್ಳ ಈ ಪದವು, ನದಿಯು ಪ್ರವಹಿಸುವುದಕ್ಕೂ, ನೆಗಡಿಯಲ್ಲಿ ಮೂಗು ಸೋರುವುದಕ್ಕೂ, ಒಗೆದ ಬಟ್ಟೆ ಬಣ್ಣ ಬಿಡುವುದಕ್ಕೂ, ಅಂಗಡಿಯನ್ನು ನಡೆಸುವುದಕ್ಕೂ ಯಾವ ಸಂಕೋಚವೂ ಇಲ್ಲದೆ ಒದಗುತ್ತದೆ. ಚುನಾವಣೆಯ ವಿಷಯದಲ್ಲಂತೂ ಒಂದು ವಿನೋದವುಂಟು: ಅಮೆರಿಕದ ಅಭ್ಯರ್ಥಿಯು ಓಡುತ್ತಾನೆ, ಬ್ರಿಟನ್ನಿನವನು ನಮ್ಮವರಂತೆಯೇ ನಿಲ್ಲುತ್ತಾನೆ!

ಯಂತ್ರಯುಗವು ಕಾಲಿಟ್ಟ ಮೇಲೆ, ಕಾಲುಗಳೇ ಇಲ್ಲದ ಗಡಿಯಾರ, ಕಾರ್ಖಾನೆ, ರೈಲುಗಾಡಿಗಳೂ, ಈಚೆಗೆ ಕಣ್ಣಿಗೇ ಕಾಣದ ಕಂಪ್ಯೂಟರ್ ಪ್ರೋಗ್ರಾಮುಗಳೂ ಇದೇ ಪದವನ್ನು ಆಶ್ರಯಿಸಿದುದರಿಂದ ಇದರ ಅರ್ಥವಿಸ್ತಾರಕ್ಕೆ ಮೇರೆಯಿಲ್ಲದಂತಾಯಿತು. ಇಂಗ್ಲಿಷ್ ಕಲಿಯುವ ಮಿತ್ರರೇ, ಈ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಹೊರಡಬೇಡಿ. ಪದದ ಅಕ್ಕಪಕ್ಕದಲ್ಲಿ ಏನಿದೆಯೆಂಬುದನ್ನು ಮೊದಲು ನೋಡಿಕೊಳ್ಳಿ.